ಡೆಪಾಸಿಟ್ ಹೋಯ್ತು, ಆದ್ರೂ ನಾನ್ಯಾಕೆ ಖುಷಿಯಾಗಿದೀನಿ

(ನಮ್ಮ ಏರಿಯಾ ಲೈಬ್ರರಿ ಮೇಲಿನ ಹಾಲ್‌ನಲ್ಲಿ ಒಂದು ಭಾನುವಾರ ಬೆಳಿಗ್ಗೆ ಮಾತಾಡಿದ್ದು ಇದು. ಫ್ರೆಂಡ್ ಒಬ್ರು ಫೋನಲ್ಲಿ ರೆಕಾರ್ಡ್ ಮಾಡಿದ್ರು, ಕೇಳ್ಕೊಂಡು ಟೈಪ್ ಮಾಡಿದೀನಿ. ಕೆಮ್ಮಿದ್ದು, ನೀರು ಕುಡಿದದ್ದು ತೆಗ್ದಿದೀನಿ, ಮಿಕ್ಕಿದ್ದು ಹೆಚ್ಚುಕಮ್ಮಿ ಆಡಿದ ಹಾಗೇ ಇದೆ.)

ಎಲ್ರಿಗೂ ನಮಸ್ಕಾರ. ಮೈಕ್ ಬೇಡ ಅನ್ಸತ್ತೆ, ಹಿಂದಿನ ಸಾಲಿನೋರಿಗೆ ಕೇಳ್ತಿದ್ಯಾ? ಸರಿ.

ಮೊದ್ಲೇ ಹೇಳ್ಬಿಡ್ತೀನಿ, ಕರೆದೋರು ಯಾವ ಪಾರ್ಟಿ ಹೆಸ್ರೂ ತೆಗೀಬೇಡಿ ಅಂದಿದಾರೆ, ತೆಗೆಯಲ್ಲ. ನಮ್ಮ ಕ್ಯಾಂಡಿಡೇಟ್ ಹೆಸ್ರೂ ಹೇಳಲ್ಲ, ಹೇಳಿದ್ರೂ ನಿಮ್ಗೆ ಯಾರು ಅಂತ ಗೊತ್ತಾಗಲ್ಲ ಬಿಡಿ, ನಮ್ಮ ಕಷ್ಟನೇ ಅದಾಗಿತ್ತು. 2023ರ ವಿಧಾನಸಭೆ ಎಲೆಕ್ಷನ್ನು, ಮೇ 10 ಬುಧವಾರ ವೋಟಿಂಗು, 13ಕ್ಕೆ ಕೌಂಟಿಂಗು. ಬೆಂಗ್ಳೂರಿನ 28 ಸೀಟಲ್ಲಿ ದಕ್ಷಿಣದ ಕಡೆ ಒಂದು ಸೀಟು. ಬಿದ್ದ ಸಿಂಧು ವೋಟಲ್ಲಿ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಬರ್ಲಿಲ್ಲ ಅಂದ್ರೆ ಕಟ್ಟಿದ 10,000 ರೂಪಾಯಿ ಡೆಪಾಸಿಟ್ ವಾಪಸ್ ಬರಲ್ಲ. ನಮ್ಗೆ ಬರ್ಲಿಲ್ಲ. ಆರನೇ ಒಂದು ಭಾಗ ಇರ್ಲಿ, ಅದರ ಹಿಂದಿನ ಬಸ್ ಸ್ಟಾಪಿಗೂ ನಾವು ಹೋಗಿರ್ಲಿಲ್ಲ.

ಅವತ್ತು ಸಂಜೆ ಮನೆಗೆ ಹೋಗಿ ಕಾಫಿ ಕುಡಿತಾ ಕೂತಿದ್ದೆ, ನನ್ನ ಹೆಂಡ್ತಿ ಮುಖ ನೋಡಿ, ಸೋತು ಬಂದಿದೀರೋ ಗೆದ್ದು ಬಂದಿದೀರೋ ಅಂದ್ಲು. ಇವತ್ತಿನ ಮಾತು ಅಷ್ಟೇ. ಆ ಪ್ರಶ್ನೆಗೆ ಅವಳಿಗೆ ಕೊಡಕ್ಕಾಗದೇ ಇದ್ದ ಉತ್ರ.

ನಾನು ಅಕೌಂಟ್ಸ್ ಮನುಷ್ಯ. ಸಣ್ಣ ಪುಟ್ಟ ಅಂಗಡಿಗಳ ಲೆಕ್ಕ ಬರೆಯೋದು, ಜಿಎಸ್‌ಟಿ, ಐಟಿ ರಿಟರ್ನ್ಸ್ ಹಾಕೋದು. ರಾಜಕೀಯ ಅಂದ್ರೆ ಬೆಳಿಗ್ಗೆ ಪೇಪರ್ ಓದಿ ಎಲ್ಲಾ ಕಳ್ರು ಅಂದು ಸ್ನಾನಕ್ಕೆ ಹೋಗೋದು, ಅಷ್ಟೇ ನನ್ನ ಕಾಂಟ್ರಿಬ್ಯೂಷನ್. ನಮ್ಮಪ್ಪ ಹಾಗಲ್ಲ, ಸಾಗರದ ಕಡೆಯೋರು, ಗೇಣಿ ರೈತರು ಮಾಡಿದ ಕಾಗೋಡು ಸತ್ಯಾಗ್ರಹದ ಕತೆ, 1952ರಲ್ಲಿ ಸಮಾಜವಾದಿ ಲೀಡರ್ ಶಾಂತವೇರಿ ಗೋಪಾಲಗೌಡ್ರು ಗೆದ್ದು ಬಂದ ಕತೆ ಊಟಕ್ಕೆ ಕೂತಾಗೆಲ್ಲ ಹೇಳೋರು. ನಂಗೆ ಚಿಕ್ಕೋನಿದ್ದಾಗಿಂದ ಅದನ್ನ ಕೇಳಿ ಕೇಳಿ ಏನನ್ನಿಸಿತ್ತು ಅಂದ್ರೆ, ಆಗಿನ ಕಾಲದ ಜನನೇ ಬೇರೆ, ಅದು ಮುಗಿದ ಕತೆ ಅಂತ.

ಹೀಗಿರ್ಬೇಕಾದ್ರೆ ನನ್ನ ಕ್ಲೈಂಟ್ ಒಬ್ರು, ಹಾರ್ಡ್‌ವೇರ್ ಅಂಗಡಿ ಅವರದ್ದು, ಅವರ ಮಗಳು ಈ ಕ್ಯಾಂಪೇನ್‌ನಲ್ಲಿದ್ಲು, ಅಂಕಲ್ ಎರಡೇ ದಿನ ಬಂದು ನಮ್ಮ ಲೆಕ್ಕ ಸರಿ ಮಾಡ್ಕೊಡಿ ಅಂತ ಕರ್ಕೊಂಡು ಹೋದ್ಲು. ಹೋದೆ. ಒಂದು ಬೇಸ್‌ಮೆಂಟು, ಎರಡು ಫ್ಯಾನು, ಪಾಂಪ್ಲೆಟ್ ಕಟ್ಟು, ಒಂದು ಶೂ ಬಾಕ್ಸ್. ಶೂ ಬಾಕ್ಸ್ ತುಂಬಾ ಚೀಟಿ. ಟೀ ಅಂಗಡಿ ಚೀಟಿ, ಜೆರಾಕ್ಸ್ ಚೀಟಿ, ಆಟೋಗೆ ಕೊಟ್ಟದ್ದು ಅಂತ ಅಂಗೈ ಅಗಲ ಪೇಪರಲ್ಲಿ ಬರೆದದ್ದು.

ಅಸೆಂಬ್ಲಿ ಕ್ಯಾಂಡಿಡೇಟ್ ಒಬ್ರು 40 ಲಕ್ಷದ ತನಕ ಖರ್ಚು ಮಾಡ್ಬೋದು, ಅದು ಮಿತಿ. ಎಲೆಕ್ಷನ್ನಿಗೇ ಅಂತ ಬೇರೆ ಬ್ಯಾಂಕ್ ಅಕೌಂಟ್ ಇರ್ಬೇಕು, ದಿನದ ಲೆಕ್ಕ ದಿನಾ ಬರೀಬೇಕು, ಪ್ರಚಾರ ನಡೀತಿರೋವಾಗ್ಲೇ ಮೂರು ಸಲ ಅಧಿಕಾರಿಗಳ ಮುಂದೆ ರಿಜಿಸ್ಟರ್ ಹಿಡ್ಕೊಂಡು ಹೋಗ್ಬೇಕು, ರಿಸಲ್ಟ್ ಬಂದು 30 ದಿನದೊಳಗೆ ಪೂರ್ತಿ ಲೆಕ್ಕ ಕೊಡ್ಬೇಕು. ಕುರ್ಚಿಗೆ ಇಷ್ಟು, ಶಾಮಿಯಾನಕ್ಕೆ ಇಷ್ಟು, ಟೀಗೆ ಇಷ್ಟು ಅಂತ ರೇಟ್ ಪಟ್ಟಿನೂ ಅವರೇ ಕೊಡ್ತಾರೆ, ಜೊತೆಗೆ ಅವರದ್ದೇ ಒಂದು ರಿಜಿಸ್ಟರ್ ಪಕ್ಕದಲ್ಲಿ ಓಡ್ತಿರತ್ತೆ, ನಾವು ಹತ್ತು ಕುರ್ಚಿ ಅಂತ ಬರೆದು ಅವರ ವಿಡಿಯೋದಲ್ಲಿ ಇಪ್ಪತ್ತು ಕಂಡ್ರೆ ನೋಟಿಸ್ ಬರತ್ತೆ. ನಂಗೆ ಇದು ಗೊತ್ತೇ ಇರ್ಲಿಲ್ಲ. ನಲ್ವತ್ತೇಳು ವರ್ಷದ ಮನುಷ್ಯ, ವೃತ್ತಿ ಲೆಕ್ಕ ಬರೆಯೋದು, ಎಲೆಕ್ಷನ್ನಿಗೂ ಒಂದು ಲೆಕ್ಕದ ಪುಸ್ತಕ ಇರತ್ತೆ ಅಂತ ಗೊತ್ತಿರ್ಲಿಲ್ಲ. ಈಗ ನಗ್ತಿದೀರ, ದೊಡ್ಡ ದೊಡ್ಡೋರು ಅದರಲ್ಲಿ ಏನು ಬರೀತಾರೆ ಅಂತ ತಾನೇ? ನಂಗೂ ಗೊತ್ತು. ಪಕ್ಕದ ಬೀದಿಯಲ್ಲಿ ರಾತ್ರಿ ಹನ್ನೊಂದಕ್ಕೆ ಕವರ್ ಹಂಚ್ತಿದ್ದದ್ದನ್ನ ನಮ್ಮ ಹುಡುಗ್ರು ನೋಡ್ಕೊಂಡು ಬಂದಿದ್ರು, ಅದು ಯಾವ ರಿಜಿಸ್ಟರಲ್ಲೂ ಬಂದಿರಲ್ಲ. ಭರವಸೆ ಬಗ್ಗೆ ಮಾತಾಡ್ತೀನಿ ಅಂದ ಮಾತ್ರಕ್ಕೆ ಕಣ್ಣು ಮುಚ್ಕೊಂಡಿದೀನಿ ಅಂತಲ್ಲ.

ಎರಡು ದಿನ ಅಂತ ಹೋದೋನು ಹದಿನೈದು ದಿನ ಇದ್ದೆ. ಜನ ಕಮ್ಮಿ ಇದ್ರು, ಲೆಕ್ಕ ಬರ್ದಾದ್ಮೇಲೆ ಅಂಕಲ್ ನೀವೂ ಮನೆ ಮನೆಗೆ ಬನ್ನಿ ಅಂದ್ರು, ಕೈಗೆ ವೋಟರ್ ಲಿಸ್ಟ್ ಕೊಟ್ರು.

ಮೊದಲ್ನೇ ದಿನ ಅಪಾರ್ಟ್‌ಮೆಂಟ್. ಗೇಟಲ್ಲೇ ಮುಗೀತು. ಸೆಕ್ಯುರಿಟಿಯೋರು ಪಾಪ ಒಳ್ಳೇವ್ರು, ರಿಜಿಸ್ಟರಲ್ಲಿ ಹೆಸ್ರು ಬರೀರಿ ಸಾರ್ ಅಂದ್ರು, ಯಾವ ಫ್ಲ್ಯಾಟ್ ಅಂದ್ರು, ಎಲ್ಲಾ ಫ್ಲ್ಯಾಟ್ ಅಂದೆ, ಅವರು ಪೆನ್ ಕ್ಯಾಪ್ ಹಾಕ್ಬಿಟ್ರು. ಪಾಂಪ್ಲೆಟ್ ಅವರ ಟೇಬಲ್ ಮೇಲಿಟ್ಟು ಬಂದ್ವಿ, ಮಾರನೇ ದಿನ ನೋಡಿದ್ರೆ ಅದ್ರ ಮೇಲೆ ಅವರ ಟಿಫನ್ ಬಾಕ್ಸ್ ಇತ್ತು.

ಆಮೇಲೆ ಕ್ರಾಸ್ ರೋಡ್‌ಗಳಿಗೆ ಹೋದ್ವಿ. ಇಲ್ಲಿ ಸ್ವಲ್ಪ ನಿಧಾನ ಮಾಡ್ತೀನಿ, ಯಾಕಂದ್ರೆ ನಾನು ಹೇಳ್ಬೇಕಾದ್ದು ಇರೋದು ಇಲ್ಲೇ.

ಲಿಸ್ಟ್ ಹಿಡ್ಕೊಂಡು ಮನೆ ಮನೆ ಬೆಲ್ ಮಾಡಿದ್ರೆ ಮೂರನೇ ಮನೆಗೇ ತಲೆ ಕೆಟ್ಟೋಯ್ತು. ಲಿಸ್ಟಲ್ಲಿ ಐದು ಹೆಸ್ರು, ಮನೇಲಿರೋರು ಬೇರೆನೇ ನಾಲ್ಕು ಜನ, ಅವರ ಹೆಸ್ರು ಲಿಸ್ಟಲ್ಲೇ ಇಲ್ಲ. ಇನ್ನೊಂದು ಮನೆ ಒಡೆದು ನಾಲ್ಕು ಫ್ಲೋರ್ ಕಟ್ಟಿದ್ರು, ಲಿಸ್ಟಲ್ಲಿ ಇನ್ನೂ ಹಳೇ ಓನರ್ ಅಜ್ಜ ಇದ್ರು. ಬೆವರು ಒರ್ಸ್ಕೊಂಡು ಮರದ ಕೆಳಗೆ ನಿಂತಿದ್ದೆ, ಅಲ್ಲೊಂದು ಇಸ್ತ್ರಿ ಗಾಡಿ. ಇಸ್ತ್ರಿ ಅಣ್ಣ ಇದ್ದಿಲು ಊದ್ತಾ, ಏನ್ ಸಾರ್ ಹುಡುಕ್ತಿದೀರ, ಇಲ್ಲಿ ಕೊಡಿ ಅಂದ್ರು. ನಂಗೆ ಓದಕ್ಕೆ ಬರಲ್ಲ, ನೀವು ಹೆಸ್ರು ಓದಿ, ನಾನು ಹೇಳ್ತೀನಿ ಅಂದ್ರು.

ಓದಿದೆ. ಒಂದು ಪ್ಯಾಂಟ್ ಮಡಚೋ ಹೊತ್ತಿಗೆ ಒಂದು ಹೆಸ್ರು. "ಅವ್ರು ಕೆಂಗೇರಿ ಕಡೆ ಸೈಟ್ ತಗೊಂಡು ಹೋದ್ರು, ಮೂರು ವರ್ಷ ಆಯ್ತು. ಅವ್ರಾ, ತೀರ್ಕೊಂಡ್ರು, ಕೊರೊನಾದಲ್ಲಿ. ಆ ಮಗೂಗೆ ಮದ್ವೆ ಆಯ್ತು, ಮೈಸೂರು. ಅವ್ರು ಇದಾರೆ, ಬೆಳಿಗ್ಗೆ ಎಂಟರೊಳಗೆ ಹೋಗ್ಬೇಕು ಸಾರ್, ಆಮೇಲೆ ಸಿಗಲ್ಲ." ಇಡೀ ಕ್ರಾಸ್‌ನ ಷರ್ಟುಗಳು ಅವರ ಕೈ ಕೆಳಗೆ ಹೋಗ್ತಾವಲ್ಲ, ಯಾರು ಬಂದ್ರು ಯಾರು ಹೋದ್ರು ಎಲ್ಲಾ ಗೊತ್ತು. ಒಂದೂವರೆ ಗಂಟೆ ನಿಂತ್ಕೊಂಡು ಬರ್ಕೊಂಡೆ. ಆ ರಸ್ತೆಗೆ ಲಿಸ್ಟಲ್ಲಿದ್ದದ್ದು 112 ಹೆಸ್ರು. ಮನೆ ಬಿಟ್ಟು ಹೋದೋರು 31. ತೀರ್ಕೊಂಡೋರು 6.

ಆಗ ನನ್ನೊಳಗಿನ ಅಕೌಂಟ್ಸ್ ಮನುಷ್ಯ ಎದ್ದು ಕೂತ. ನಮ್ಮಲ್ಲಿ ಹಳೇ ಅಂಗಡಿಗಳ ಪುಸ್ತಕ ತೆಗೆದ್ರೆ ಹೀಗೇ ಇರತ್ತೆ, ಹತ್ತು ವರ್ಷದ ಹಿಂದೆ ಊರು ಬಿಟ್ಟೋರ ಹೆಸ್ರಲ್ಲಿ ಬಾಕಿ ಹಾಗೇ ಕೂತಿರತ್ತೆ, ಓನರ್ ಅದನ್ನ ನೋಡಿ ನನ್ನ ಗಿರಾಕಿಗಳೆಲ್ಲ ಮೋಸಗಾರ್ರು ಅಂತ ಬೈತಿರ್ತಾನೆ. ಗಿರಾಕಿ ಮೋಸಗಾರ ಅಲ್ಲ ಸ್ವಾಮಿ, ನಿನ್ನ ಪುಸ್ತಕ ಸರಿ ಇಲ್ಲ.

ಈಗ ನೀವೇ ಲೆಕ್ಕ ಹಾಕಿ. 112ರಲ್ಲಿ 37 ಹೋದ್ರೆ ಉಳಿದದ್ದು 75. ಆ 75ರಲ್ಲಿ 60 ಜನ ಹೋಗಿ ವೋಟ್ ಹಾಕಿದ್ರು ಅಂತ ಇಟ್ಕೊಳ್ಳಿ. ಇರೋ ಜನಕ್ಕೆ ಲೆಕ್ಕ ಹಾಕಿದ್ರೆ 80 ಪರ್ಸೆಂಟ್. ಲಿಸ್ಟಿಗೆ ಲೆಕ್ಕ ಹಾಕಿದ್ರೆ 54. ಆ ಸಲ ಇಡೀ ಕರ್ನಾಟಕದಲ್ಲಿ 73 ಪರ್ಸೆಂಟ್ ದಾಟಿತ್ತು, ಬೆಂಗ್ಳೂರು 54ರ ಆಸುಪಾಸಲ್ಲೇ ನಿಂತ್ಕೊಂಡಿತು, ಮಾರನೇ ದಿನ ಟಿವಿಯಲ್ಲಿ ಎಲ್ರೂ ಬೆಂಗ್ಳೂರಿಗರಿಗೆ ಉಗಿದದ್ದೇ ಉಗಿದದ್ದು. ನಾನೂ ಮೊದ್ಲು ಉಗೀತಿದ್ದೋನೇ.

ನೋಡಿ, ಒಂದು ಕ್ರಾಸ್ ನೋಡಿ ಇಡೀ ಊರಿನ ಲೆಕ್ಕ ಹೇಳಕ್ಕೆ ನಾನು ಹೊರಟಿಲ್ಲ. ನಿಜವಾಗ್ಲೂ ಎಸಿ ಹಾಕ್ಕೊಂಡು ಮಲಗೋರು ಇದಾರೆ, ಬುಧವಾರ ಇಟ್ರೂ ಎರಡು ದಿನ ರಜೆ ಹಾಕಿ ಮಡಿಕೇರಿಗೆ ಹೋಗೋರು ಇದಾರೆ, ಬೆರಳ ಶಾಯಿ ತೋರ್ಸಿದ್ರೆ ದೋಸೆ ಫ್ರೀ ಅಂತ ಕೆಲವು ಹೋಟೆಲ್‌ನೋರು ಕರೆದ್ರೂ ಬರದೇ ಇರೋರು ಇದಾರೆ. ಆದ್ರೆ ನಾನು ಇಷ್ಟು ವರ್ಷ ಬೆಂಗ್ಳೂರಿನ ಜನಕ್ಕೆ ಏನೂ ಬೇಕಾಗಿಲ್ಲ ಅಂತ ನಂಬಿದ್ನಲ್ಲ, ಅದರಲ್ಲಿ ಒಂದು ದೊಡ್ಡ ಪಾಲು ಪುಸ್ತಕದ ತಪ್ಪು ಅಂತ ಗೊತ್ತಾದಾಗ ಒಂಥರಾ ಹಗುರ ಆಯ್ತು. ಜನದ ಮನಸ್ಸು ಕೆಟ್ಟೋಗಿದ್ರೆ ನಾನೇನ್ ಮಾಡಕ್ಕಾಗತ್ತೆ? ಪುಸ್ತಕ ಕೆಟ್ಟಿದ್ರೆ ಅದನ್ನ ಸರಿ ಮಾಡೋದು ನನ್ನ ದಿನದ ಕೆಲ್ಸ.

ಕೊನೇಗೆ ಅಣ್ಣಂಗೆ ಕೇಳ್ದೆ, ನಿಮ್ಮ ವೋಟು ಯಾವ ಬೂತಲ್ಲಿ ಅಂತ. "ನಂದಿಲ್ಲಿಲ್ಲ ಸಾರ್, ಊರಲ್ಲಿ. ಕನಕಪುರದಿಂದ ಆಚೆ." ಇಪ್ಪತ್ತೆರಡು ವರ್ಷದಿಂದ ಆ ಮರದ ಕೆಳಗಿದಾರೆ, ವೋಟ್ ಊರಲ್ಲಿ. ಹಿಂದಿನ ದಿನ ಸಂಜೆ ಗಾಡಿಗೆ ಟಾರ್ಪಾಲ್ ಕಟ್ಟಿ ಹೋದ್ರು, ಎಲೆಕ್ಷನ್ ಹಿಂದಿನ ದಿನ ಮೆಜೆಸ್ಟಿಕ್, ಸ್ಯಾಟಲೈಟ್ ಬಸ್‌ಸ್ಟ್ಯಾಂಡ್ ನೋಡಿದೋರಿಗೆ ಗೊತ್ತು, ಬೆಂಗ್ಳೂರಲ್ಲಿ ಕೆಲ್ಸ ಮಾಡೋ ಎಷ್ಟು ಜನ ವೋಟ್ ಹಾಕಕ್ಕೆ ನಿಂತ್ಕೊಂಡೇ ಊರಿಗೆ ಹೋಗ್ತಾರೆ ಅಂತ. ಅವರು ಸೋಮಾರಿಗಳಾ ಹೇಳಿ.

ಕಷ್ಟ ಏನಂದ್ರೆ, ಪ್ರಚಾರ ಬಿರುಸಾಗೋ ಹೊತ್ತಿಗೆ ಪಟ್ಟಿ ಬಾಗ್ಲು ಮುಚ್ಚಿರತ್ತೆ. ಹೊಸ ಹೆಸ್ರು ಸೇರ್ಸಕ್ಕೆ ಫಾರ್ಮ್ 6, ಮನೆ ಬದ್ಲಾಯ್ಸಿದ್ರೆ ಫಾರ್ಮ್ 8, ತೆಗೆಸಕ್ಕೆ ಫಾರ್ಮ್ 7, ಇದೆಲ್ಲ ನಾಮಪತ್ರದ ಕೊನೇ ದಿನಕ್ಕೆ ಸುಮಾರು ಹತ್ತು ದಿನ ಮುಂಚೆನೇ ಕೊಟ್ಟಿರ್ಬೇಕು. ಮನೆ ಬಾಗ್ಲಲ್ಲಿ ಒಬ್ಬ ಹುಡುಗ, ಕ್ಯಾಬ್ ಓಡಿಸ್ತಾನೆ, ಸಾರ್ ನಂಗೂ ಹಾಕ್ಬೇಕು ಅಂತಿದೆ, ಹೆಸ್ರು ದಾಸರಹಳ್ಳೀಲಿದೆ, ಏನ್ ಮಾಡ್ಲಿ ಅಂದ. ಅವತ್ತು ಡ್ಯೂಟಿ ಬಿಟ್ಟು ದಾಸರಹಳ್ಳಿಗೆ ಹೋಗಪ್ಪ ಅನ್ನೋದು ಬಿಟ್ಟು ನನ್ಹತ್ರ ಏನೂ ಇರ್ಲಿಲ್ಲ. ಹೋದ್ನೋ ಇಲ್ವೋ.

ನಮ್ಮ ಕಡೆನೂ ಘನಂದಾರಿ ಕೆಲ್ಸಗಳು ಆದ್ವು. ಯಾವ ಬೂತಲ್ಲಿ ವೋಟು ಅಂತ ಬರೆದ ಸ್ಲಿಪ್ ಹಂಚಿದ್ವಲ್ಲ, ಅದರಲ್ಲಿ ಸ್ಕೂಲ್ ಸರಿ ಇತ್ತು, ರೂಮ್ ನಂಬರ್ ತಪ್ಪಿತ್ತು. ಪ್ರಿಂಟಿಗೆ ಕೊಟ್ಟೋರು ಹಳೇ ಫೈಲ್ ಕೊಟ್ಬಿಟ್ಟಿದ್ರು. ಎರಡು ದಿನ ಬಿಸಿಲಲ್ಲಿ ಹಂಚಿದ್ದನ್ನ ಮತ್ತೆ ಎರಡು ದಿನ ಮನೆ ಮನೆಗೆ ಹೋಗಿ ಪೆನ್ನಲ್ಲಿ ತಿದ್ದಿದ್ವಿ, ಕೆಲವರು ಬಾಗ್ಲು ತೆಗ್ದು ಮತ್ತೆ ನೀವೇನಾ ಅಂದ್ರು. ಆದ್ರೆ ಎರಡನೇ ಸಲ ಹೋದಾಗ ಜಾಸ್ತಿ ಮಾತಾಡಿದ್ರು, ಅದೊಂದು ವಿಚಿತ್ರ. ತಪ್ಪು ಮಾಡಿದೀವಿ, ತಿದ್ದಕ್ಕೆ ಬಂದಿದೀವಿ ಅಂತ ಪಾರ್ಟಿಯೋರು ಬಾಗ್ಲಿಗೆ ಬಂದದ್ದನ್ನ ಅವರು ನೋಡಿರ್ಲಿಲ್ವೋ ಏನೋ, ಒಬ್ರು ಮಜ್ಜಿಗೆ ಕೊಟ್ರು.

ವೋಟಿಂಗ್ ದಿನ ನನ್ನ ಬೂತ್ ಏಜೆಂಟ್ ಮಾಡಿದ್ರು. ಏಳಕ್ಕೆ ಪೋಲಿಂಗ್, ಮಾಕ್ ಪೋಲ್, ಅದೇ ಟ್ರಯಲ್ ವೋಟಿಂಗು, ಒಂದೂವರೆ ಗಂಟೆ ಮುಂಚೆ, ಅಂದ್ರೆ ಐದೂವರೆಗೆ ಅಲ್ಲಿರ್ಬೇಕು. ಸರ್ಕಾರಿ ಸ್ಕೂಲು, ಬೋರ್ಡ್ ಮೇಲೆ ಯಾರೋ ಬರೆದ ಏಳರ ಮಗ್ಗಿ ಹಾಗೇ ಇತ್ತು. ಮೂರನೇ ಕ್ಲಾಸಿನ ಬೆಂಚಲ್ಲಿ ಮೊಣಕಾಲು ಎದೆಗೆ ತಾಗಿಸ್ಕೊಂಡು ನಾವು ನಾಲ್ಕು ಏಜೆಂಟ್ಸ್. ಏಜೆಂಟ್‌ಗಳ ಎದ್ರಿಗೇ ಕನಿಷ್ಠ 50 ವೋಟ್ ಒತ್ತಿ, ಮೆಷೀನಿನ ಲೆಕ್ಕಕ್ಕೂ, ವೋಟು ಯಾರಿಗೆ ಬಿತ್ತು ಅಂತ ತೋರ್ಸೋ ವಿವಿಪ್ಯಾಟ್ ಚೀಟಿಗೂ ತಾಳೆ ನೋಡಿ, ಆಮೇಲೆ ಅದನ್ನ ಅಳಿಸಿ, ಆ ಚೀಟಿಗಳನ್ನ ಕಪ್ಪು ಕವರಿಗೆ ಹಾಕಿ ಸೀಲ್ ಮಾಡ್ತಾರೆ. ತಾಳೆ ನೋಡೋದು ಅಂದ್ರೆ ನಂಗೆ ಹಬ್ಬ. ಆ ಅರೆಗತ್ತಲಲ್ಲಿ ಆ ಮೇಷ್ಟ್ರು, ಪ್ರಿಸೈಡಿಂಗ್ ಆಫೀಸರ್ರು, ರಾತ್ರಿ ಅಲ್ಲೇ ಡೆಸ್ಕ್ ಮೇಲೆ ಮಲಗಿ ಎದ್ದೋರು, ಒಂದೊಂದೇ ಚೀಟಿ ಎತ್ತಿ ಎತ್ತಿ ತೋರ್ಸಿ ಎಣಿಸಿದ್ರು. ಅವರಿಗೆ ಒಂದು ಲೋಟ ಕಾಫಿನೂ ಸಿಕ್ಕಿರ್ಲಿಲ್ಲ ಆ ಹೊತ್ತಿಗೆ.

ನನ್ನ ಪಕ್ಕ ಕೂತಿದ್ದೋರು ಎದುರು ಪಾರ್ಟಿ ಏಜೆಂಟು. ಐವತ್ತೈದು ವರ್ಷದ ಹೆಂಗಸು, ಟೈಲರಿಂಗ್ ಮಾಡ್ತಾರೆ, ಕೊರಳಲ್ಲಿ ಕನ್ನಡಕದ ದಾರ. ಎಷ್ಟೋ ಎಲೆಕ್ಷನ್ನಿಂದ ಅದೇ ಬೂತಲ್ಲಿ ಕೂರ್ತಿದಾರೆ. ನಾನು ಲಿಸ್ಟಲ್ಲಿ ಟಿಕ್ ಹಾಕಕ್ಕೆ ಒದ್ದಾಡ್ತಿದ್ದೆ, ಆಫೀಸರ್ ಸೀರಿಯಲ್ ನಂಬರ್ ಕೂಗೋ ಸ್ಪೀಡಿಗೆ ಪುಟ ಸಿಗ್ತಿರ್ಲಿಲ್ಲ. ಅಕ್ಕ ಸ್ವಲ್ಪ ಹೊತ್ತು ನೋಡಿದ್ರು, ಆಮೇಲೆ, "ಹಾಗಲ್ಲಪ್ಪಾ, ಪುಟದ ಮೂಲೆ ಮಡಚ್ಕೋ, ನೂರು ನೂರಕ್ಕೆ ಒಂದು" ಅಂತ ನನ್ನ ಲಿಸ್ಟ್ ಕಿತ್ಕೊಂಡು ಮಡಚಿ ಕೊಟ್ರು. ಎದುರು ಪಾರ್ಟಿಯೋರು! ಹತ್ತು ಗಂಟೆಗೆ ಚಿತ್ರಾನ್ನದ ಡಬ್ಬಿ ತೆಗೆದ್ರು, ನಾಲ್ಕು ಪಾರ್ಟಿಯೋರೂ ಅದ್ರಲ್ಲೇ ತಿಂದ್ವಿ. ಫೋನ್ ಒಳಗೆ ಬಿಡಲ್ಲ, ಹಾಗಾಗಿ ಮಾತೇ ಮಾತು. ಯಾರಾದ್ರೂ ಬಾಗ್ಲಲ್ಲಿ ಕಂಡ ತಕ್ಷಣ ಅಕ್ಕ ಸಣ್ಣ ದನಿಯಲ್ಲಿ, ಇವ್ರು ನಮ್ಮೋರು, ಇವ್ರು ಅವ್ರೋರು, ಇವ್ರು ಗಂಡನ ಮಾತು ಕೇಳ್ತೀನಿ ಅಂತಾರೆ ಒಳಗೆ ಹೋಗಿ ಬೇರೆ ಒತ್ತುತಾರೆ ಅಂತ ಹೇಳೋರು. ನಿಮ್ಗೆ ಟಿಕೆಟ್ ಕೇಳ್ಬೇಕು ಅನ್ನಿಸಿಲ್ವಾ ಅಕ್ಕ ಅಂದೆ. ಟಿಕೆಟ್ಟಾ ಅಂತ ನಕ್ರು. ಡಬ್ಬಿ ಮುಚ್ಚಳ ಸ್ವಲ್ಪ ಜೋರಾಗೇ ಹಾಕಿದ್ರು.

ಸಂಜೆ ಆರಕ್ಕೆ ಮುಗೀತು. ಒಟ್ಟು ಎಷ್ಟು ವೋಟು ಬಿತ್ತು ಅಂತ ಬರೆದ ಫಾರ್ಮ್ 17ಸಿ ಪ್ರತಿ ಏಜೆಂಟಿಗೂ ಸೈನ್ ಮಾಡಿ ಕೊಡ್ತಾರೆ, ಎಣಿಕೆ ದಿನ ಅದೇ ನಂಬರ್ ಮೆಷೀನಲ್ಲಿ ಬರ್ಬೇಕು. ನಂದನ್ನ ಈಗ್ಲೂ ಇಟ್ಕೊಂಡಿದೀನಿ. ಹೊರಡೋವಾಗ ಅಕ್ಕ, "ಬೇಜಾರ್ ಮಾಡ್ಕೋಬೇಡ, ನಿಮ್ಗೆ ಈ ಬೂತಲ್ಲಿ ಮೂವತ್ತು" ಅಂದ್ರು. 13ಕ್ಕೆ ಎಣಿಕೆ ಆಯ್ತು. 34.

ಇದನ್ನೇ ನನ್ನ ಹೆಂಡ್ತಿಗೆ ಹೇಳಕ್ಕಾಗ್ಲಿಲ್ಲ. ಇಷ್ಟು ವರ್ಷ ಪ್ರತಿ ಮನೆ ಒಳಗೂ ಗೊತ್ತಿರೋ ಅಕ್ಕನಿಗೆ ಗೊತ್ತಿಲ್ಲದ ನಾಲ್ಕು ಜನ ಆ ಬೂತಲ್ಲಿ ಇದಾರೆ. ಯಾರು ಅಂತ ನಂಗೂ ಗೊತ್ತಿಲ್ಲ. ಮಜ್ಜಿಗೆ ಕೊಟ್ಟೋರಿರ್ಬೋದು.

ಅದೇ ಎಣಿಕೆ ದಿನ ಜಯನಗರದಲ್ಲಿ ಏನಾಯ್ತು ನಿಮ್ಗೆಲ್ಲ ಗೊತ್ತು, ಮರು ಎಣಿಕೆ ಆಗಿ ರಾತ್ರಿ ತಡವಾಗಿ ರಿಸಲ್ಟ್ ಬಂತು, ಅಂತರ 16 ವೋಟು. ಇದಕ್ಕೂ ಮುಂಚೆ 2004ರಲ್ಲಿ ಸಂತೆಮರಹಳ್ಳೀಲಿ ಒಬ್ಬ ಕ್ಯಾಂಡಿಡೇಟ್ ಒಂದೇ ಒಂದು ವೋಟಲ್ಲಿ ಸೋತಿದ್ರು. ಒಂದು ವೋಟಿಗೂ ಬೆಲೆ ಇದೆ ಅಂತ ಎಲ್ರೂ ಈ ಕತೆ ಹೇಳ್ತಾರೆ, ಕೇಳಿ ಕೇಳಿ ಸವೆದೋಗಿದೆ. ನಾನು ಯೋಚ್ನೆ ಮಾಡಿದ್ದು ಬೇರೆ. 16 ಅಂದ್ರೆ ನಮ್ಮ ಇಸ್ತ್ರಿ ಅಣ್ಣನ ಒಂದು ಕ್ರಾಸಲ್ಲಿ ಮನೆ ಬಿಟ್ಟು ಹೋದ 31 ಜನರಲ್ಲಿ ಅರ್ಧ.

ಹಾಗಾಗಿ ಎಲೆಕ್ಷನ್ ಮುಗಿದ್ಮೇಲೆ ನಾವು ಏಳು ಜನ ಉಳ್ಕೊಂಡ್ವಿ, ಮಿಕ್ಕೋರು ಸುಸ್ತಾಗಿ ಹೋದ್ರು, ತಪ್ಪಿಲ್ಲ. ತಿಂಗಳಿಗೊಂದು ಶನಿವಾರ ಒಂದು ಕ್ರಾಸು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್, ಈ ನಾಲ್ಕು ತಿಂಗಳ ಒಂದನೇ ತಾರೀಕಿಗೆ 18 ತುಂಬಿದೋರು ಸೇರ್ಕೋಬೋದು, ಮುಂಚಿನ ಹಾಗೆ ಬರೀ ಜನವರಿಗೆ ಅಂತ ಕಾಯ್ಬೇಕಾಗಿಲ್ಲ. ಬಿಎಲ್‌ಒ, ಅಂದ್ರೆ ಬೂತಿನ ವೋಟರ್ ಲಿಸ್ಟ್ ನೋಡ್ಕೊಳೋರು, ನಮ್ಮ ಅಂಗನವಾಡಿ ಟೀಚರ್ರು, ಮೊದಲ್ನೇ ಸಲ ಹೋದಾಗ ಕಂಪ್ಲೇಂಟ್ ಮಾಡಕ್ಕೆ ಬಂದಿದಾರೆ ಅಂತ ಮುಖ ಗಂಟು ಹಾಕ್ಕೊಂಡ್ರು. ಇಲ್ಲ ಮೇಡಂ, ಜೊತೆಗೆ ನಡಿಯಕ್ಕೆ ಬಂದಿದೀವಿ ಅಂದ್ವಿ. ಮಕ್ಕಳಿಗೆ ಊಟ ಬಡಿಸಿ, ರಿಪೋರ್ಟ್ ಬರೆದು, ಆಮೇಲೆ ಸಾವಿರಕ್ಕೂ ಜಾಸ್ತಿ ಹೆಸ್ರು ಒಬ್ರೇ ಚೆಕ್ ಮಾಡ್ಬೇಕು ಅವರು. ನಾವು ಲಿಸ್ಟ್ ಯಾಕೆ ಕೆಟ್ಟಿದೆ ಅಂತ ಕೇಳ್ತೀವಿ. 2024ರ ಲೋಕಸಭೆಗೆ ನಾನು ಯಾರ ಪ್ರಚಾರಕ್ಕೂ ಹೋಗ್ಲಿಲ್ಲ, ಆ ಕ್ಯಾಬ್ ಹುಡುಗನ ಫಾರ್ಮ್ 8 ಮಾತ್ರ ಹಾಕ್ಸಿದ್ದೆ, ಏಪ್ರಿಲ್ 26 ಶುಕ್ರವಾರ ಅವನು ಬೆರಳಿನ ಫೋಟೋ ಕಳ್ಸಿದ. ಬೆರಳು ಔಟ್ ಆಫ್ ಫೋಕಸ್, ಹಿಂದೆ ಸ್ಟೇರಿಂಗ್ ಕ್ಲಿಯರಾಗಿದೆ.

ಕಾರ್ಪೊರೇಷನ್ ವಿಷ್ಯ ಹೇಳ್ದೇ ಇದ್ರೆ ಇದು ಅರ್ಧ ಮಾತು. 198 ವಾರ್ಡಿಗೆ ಕೊನೇ ಸಲ ಎಲೆಕ್ಷನ್ ಆಗಿದ್ದು 2015ರ ಆಗಸ್ಟ್, ಅವಧಿ ಮುಗಿದದ್ದು 2020ರ ಸೆಪ್ಟೆಂಬರ್, ಅಲ್ಲಿಂದ ಐದು ವರ್ಷ ಆದ್ರೂ ಚರಂಡಿ ಕಟ್ಕೊಂಡ್ರೆ ಹೋಗಿ ಬೈಯಕ್ಕೆ ನಮ್ಗೆ ಒಬ್ಬ ಕಾರ್ಪೊರೇಟರ್ ಇರ್ಲಿಲ್ಲ. 2025ರಲ್ಲಿ ಒಂದು ಹೋಗಿ ಐದು ಕಾರ್ಪೊರೇಷನ್ ಆಯ್ತು. ಈ ವಿಷ್ಯದಲ್ಲಿ ನಂಗೆ ಭರವಸೆಗಿಂತ ಸಿಟ್ಟೇ ಜಾಸ್ತಿ, ಅದನ್ನ ಮುಚ್ಚಿಡಲ್ಲ. ಆದ್ರೆ ವಾರ್ಡ್ ಅನ್ನೋದು ಸಣ್ಣದು, ಅಲ್ಲಿ ಅಂತರಗಳು ಸಣ್ಣವು, ಕ್ರಾಸಿಗೆ ನಾಲ್ಕು ಜನ ಬದಲಾದ್ರೆ ಲೆಕ್ಕ ಬೇರೆನೇ ಆಗತ್ತೆ.

ಸರಿ, ಪ್ರಶ್ನೆ ಇದ್ರೆ ಕೇಳಿ, ಹನ್ನೆರಡಕ್ಕೆ ಹಾಲ್ ಬಿಟ್ಕೊಡ್ಬೇಕಂತೆ, ಯಾರದ್ದೋ ನಾಮಕರಣ ಇದೆ.

(ಒಬ್ರು ಮೆಷೀನ್ ಬಗ್ಗೆ ಕೇಳಿದ್ರು.) ನಾನು ಎಂಜಿನಿಯರ್ ಅಲ್ಲ ಸಾರ್. ನಾನು ನೋಡಿದ ಒಂದು ಬೂತಲ್ಲಿ ಬೆಳಿಗ್ಗೆ ತಾಳೆ ಆಯ್ತು, ಎಣಿಕೆ ದಿನ 17ಸಿ ನಂಬರೂ ತಾಳೆ ಆಯ್ತು. ಅನುಮಾನ ಇದ್ರೆ ಐದೂವರೆಗೆ ಬಂದು ಬೆಂಚಲ್ಲಿ ಕೂತ್ಕೊಳಿ, ಎಷ್ಟೋ ಬೂತಲ್ಲಿ ಸಣ್ಣ ಪಾರ್ಟಿಗಳಿಗೆ ಏಜೆಂಟೇ ಸಿಗಲ್ಲ.

(ಇನ್ನೊಬ್ರು, ಇದೆಲ್ಲ ಹೊಟ್ಟೆ ತುಂಬಿದೋರ ಶನಿವಾರದ ಶೋಕಿ ಅಲ್ವಾ ಅಂದ್ರು.) ಸ್ವಲ್ಪ ನಿಜ ಸಾರ್. ಶನಿವಾರ ಬಿಡುವಿದೆ ಅದಕ್ಕೇ ಮಾಡ್ತೀನಿ. ಇಸ್ತ್ರಿ ಅಣ್ಣಂಗೆ ಬಿಡುವಿಲ್ಲ, ಆದ್ರೂ ಒಂದೂವರೆ ಗಂಟೆ ಕೊಟ್ರು, ನಾನು ಅವರಿಗೆ ಏನೂ ಕೊಡ್ಲಿಲ್ಲ. ಈಗ ಅವರ ವೋಟ್ ಇಲ್ಲಿಗೆ ಹಾಕ್ಸೋಣ್ವಾ ಅಂದ್ರೆ ಬೇಡ ಅಂತಾರೆ, ಊರಲ್ಲಿ ಹೆಸ್ರಿದ್ರೆ ಊರಲ್ಲಿ ಇದೀನಿ ಅನ್ಸತ್ತೆ ಸಾರ್ ಅಂತಾರೆ. ಅದಕ್ಕೆ ನನ್ಹತ್ರ ಯಾವ ಫಾರ್ಮೂ ಇಲ್ಲ.

(ಮುಂದಿನ ಸಾಲಲ್ಲಿ ಕೂತಿದ್ದ ಕಾಲೇಜ್ ಹುಡುಗಿ, ಆ ಚಿತ್ರಾನ್ನದ ಆಂಟಿ ಮತ್ತೆ ಸಿಕ್ಕಿದ್ರಾ ಅಂತ ಕೇಳಿದ್ಲು.)

ಸಿಕ್ಕಿದ್ರಮ್ಮ, ಹೋದ ತಿಂಗಳು ಅವರೇ ಫೋನ್ ಮಾಡಿದ್ರು. ಕಾರ್ಪೊರೇಷನ್ನಲ್ಲಿ ಅರ್ಧ ಸೀಟು ಹೆಂಗಸ್ರಿಗೆ ಅಲ್ವಾ. ನಮ್ಮ ವಾರ್ಡ್ ಲೇಡೀಸ್‌ಗೆ ಅಂತ ಆದ್ರೆ ಈ ಸಲ ಟಿಕೆಟ್ ಕೇಳ್ತೀನಿ, ಕೊಡ್ಲಿಲ್ಲ ಅಂದ್ರೆ ಇಂಡಿಪೆಂಡೆಂಟ್ ಆಗಿ ನಿಲ್ತೀನಿ, ಲೆಕ್ಕ ನೀನು ಬರ್ಕೊಡ್ತೀಯಾ ಅಂದ್ರು. ನಿಮ್ಗೆ ಎಷ್ಟು ಬೀಳತ್ತೆ ಅಕ್ಕ ಅಂದೆ. "ಅದೊಂದು ಗೊತ್ತಾಗ್ತಿಲ್ಲ ನೋಡು" ಅಂದ್ರು.

(ನೀವು ಹೂಂ ಅಂದ್ರಾ ಅಂದ್ಲು.)

ಇನ್ನೂ ಇಲ್ಲ. ಟೀ ಚೀಟಿನೂ ಎಸೀಬೇಡಿ, ಶೂ ಬಾಕ್ಸಲ್ಲಿ ಹಾಕಿಡಿ ಅಂತ ಮಾತ್ರ ಹೇಳಿದೀನಿ.